ಮಕ್ಕಳು ಬರೆದದ್ದೂ ಕಪಾಟಿಗೆ ಸೇರಲಿ: ಶಾಲಾ ಲೈಬ್ರರಿಯಲ್ಲಿ ಆನ್‌ಲೈನ್ ಸಲಕರಣೆಗಳು

ಏಳನೇ ತರಗತಿಯ ಐವರು ಮಕ್ಕಳು ಸೇರಿ ಶಾಲೆಯ ಅಂಗಳದ ಮರಗಳ ಬಗ್ಗೆ ಒಂದು ವರದಿ ಮಾಡಿದರು ಎಂದುಕೊಳ್ಳಿ. ಎಲೆಗಳ ಫೋಟೊ ತೆಗೆದರು. ಯಾವ ಮರದಲ್ಲಿ ಯಾವ ಹಕ್ಕಿ ಗೂಡು ಕಟ್ಟುತ್ತದೆ ಎಂದು ತಿಂಗಳುಗಟ್ಟಲೆ ನೋಡಿ ಬರೆದುಕೊಂಡರು. ಲೈಬ್ರರಿಯ ಪುಸ್ತಕ ತಿರುವಿಹಾಕಿ ಹೆಸರು ಪತ್ತೆ ಮಾಡಿದರು. ಶಿಕ್ಷಕರು ಮೆಚ್ಚಿ ಅಂಕವನ್ನೂ ಕೊಟ್ಟರು. ಆಮೇಲೆ ಆ ವರದಿ ಎಲ್ಲಿ ಹೋಯಿತು? ಯಾರದೋ ಫೋನಿನ ಗುಂಪಿನಲ್ಲಿ ಹೊಸ ಸಂದೇಶಗಳ ಕೆಳಗೆ ಹೂತುಹೋಯಿತು, ಇಲ್ಲವೇ ಶಿಕ್ಷಕರ ಖಾತೆಯ ಯಾವುದೋ ಫೋಲ್ಡರಿನಲ್ಲಿ ಉಳಿದುಬಿಟ್ಟಿತು. ಮುಂದಿನ ವರ್ಷದ ಏಳನೇ ತರಗತಿಯವರು ಅದೇ ಮರಗಳ ಮುಂದೆ ನಿಂತು ಮೊದಲಿನಿಂದ ಶುರು ಮಾಡುತ್ತಾರೆ.

ಈ ನಷ್ಟ ತಪ್ಪಿಸಬಲ್ಲ ಜಾಗ ಶಾಲೆಯಲ್ಲಿ ಇರುವುದು ಒಂದೇ. ತರಗತಿಗೆ ಪ್ರತಿ ವರ್ಷ ಹೊಸ ಮಕ್ಕಳು ಬರುತ್ತಾರೆ, ಹಳೆಯದನ್ನು ಒರೆಸಿ ಹೊಸದಾಗಿ ಬರೆಯುವುದೇ ಅಲ್ಲಿನ ಕ್ರಮ. ಲೈಬ್ರರಿ ಇರುವುದೇ ಹಿಂದಿನವರು ಬಿಟ್ಟುಹೋದದ್ದನ್ನು ಮುಂದಿನವರಿಗೆ ಕಾಯ್ದಿಡಲು. ಆದ್ದರಿಂದ ಲೈಬ್ರರಿಗೆ ಬರುವ ಪ್ರತಿಯೊಂದು ಆನ್‌ಲೈನ್ ಸಲಕರಣೆಯನ್ನೂ ಕಪಾಟು ಎಂದುಕೊಂಡು ನೋಡಬೇಕು ಎಂಬುದು ನನ್ನ ವಾದ. ಇದರಲ್ಲಿಟ್ಟದ್ದು ನಾಳೆ ಸಿಗುತ್ತದೆಯೇ, ಬೇರೆಯವರ ಕೈಗೆ ಎಟುಕುತ್ತದೆಯೇ, ಕಪಾಟು ಮುರಿದರೆ ಒಳಗಿರುವುದನ್ನು ಎತ್ತಿಕೊಂಡು ಹೋಗಬಹುದೇ? ಈ ಮೂರು ಪ್ರಶ್ನೆ ಕೇಳಿದರೆ ಯಾವ ಆಪ್ ಬೇಕು, ಯಾವುದು ಬೇಡ ಎಂಬ ಗೊಂದಲ ಬಹುಪಾಲು ಕರಗುತ್ತದೆ.

ಶಾಲೆಗಳಿಗೆಂದು ಬರುವ ಆಪ್‌ಗಳ ಹೆಸರಿಗೆ ಕೊನೆಯಿಲ್ಲ, ಅವು ಮಾಡುವ ಕೆಲಸ ಮಾತ್ರ ನಾಲ್ಕೈದೇ. ಕೆಲವು ಇರುವುದನ್ನು ಹುಡುಕಿಕೊಡುತ್ತವೆ. ಕೆಲವು ಸಿಕ್ಕ ಲಿಂಕುಗಳನ್ನು ಒಂದೆಡೆ ಕೂಡಿಡುತ್ತವೆ. ಕೆಲವು ಹಲವರು ಸೇರಿ ಬರೆಯಲು ಜಾಗ ಕೊಡುತ್ತವೆ. ಇನ್ನು ಕೆಲವು ಪಾಠ ಕಳಿಸಿ, ಉತ್ತರ ಪಡೆದು, ಅಂಕ ಹಾಕಲು ಇರುವಂಥವು. 2002ರಲ್ಲಿ ಹೊರಬಂದ ಮೂಡಲ್ ಈ ಕೊನೆಯ ಬಗೆಗೆ ಒಳ್ಳೆಯ ಉದಾಹರಣೆ. ಅಂಕದ ಕೆಲಸ ತರಗತಿಯದು, ಲೈಬ್ರರಿ ಅದರಲ್ಲಿ ಪೈಪೋಟಿಗೆ ಇಳಿಯುವುದು ಬೇಕಿಲ್ಲ. ಮೊದಲ ಮೂರು ಲೈಬ್ರರಿಯ ಸ್ವಂತ ಕೆಲಸಗಳು.

ಕ್ಯಾಟಲಾಗಿನಿಂದಲೇ ಶುರು ಮಾಡಿ

ಆನ್‌ಲೈನ್ ಸಲಕರಣೆ ಎಂದ ಕೂಡಲೇ ಎಲ್ಲರೂ ಹೊಸ ಆಪ್ ಹುಡುಕುತ್ತಾರೆ. ಲೈಬ್ರರಿಯ ಕ್ಯಾಟಲಾಗ್ ಯಾರಿಗೂ ನೆನಪಾಗುವುದಿಲ್ಲ. ನನ್ನ ಪ್ರಕಾರ ಅದೇ ಎಲ್ಲಕ್ಕಿಂತ ಮುಖ್ಯವಾದ ಹಂಚಿಕೆಯ ಸಲಕರಣೆ. ನ್ಯೂಜಿಲೆಂಡಿನ ಹೊರೊವೆನುವಾ ಎಂಬ ಸಣ್ಣ ಪ್ರದೇಶದ ಲೈಬ್ರರಿಗಳಿಗಾಗಿ ತಯಾರಾಗಿ 2000ದ ಆರಂಭದಲ್ಲಿ ಬಳಕೆಗೆ ಬಂದ ಕೋಹಾ ಎಂಬ ಲೈಬ್ರರಿ ನಿರ್ವಹಣೆಯ ತಂತ್ರಾಂಶ ಇಂದು ಜಗತ್ತಿನ ಬಹಳಷ್ಟು ಲೈಬ್ರರಿಗಳಲ್ಲಿದೆ. ಮುಕ್ತ ತಂತ್ರಾಂಶವಾದ್ದರಿಂದ ಪರವಾನಗಿ ಶುಲ್ಕವಿಲ್ಲ. ಅದರ ಕ್ಯಾಟಲಾಗನ್ನು ಮಕ್ಕಳು ಮನೆಯಿಂದಲೂ ನೋಡುವಂತೆ ಮಾಡಬಹುದು.

ಹೆಚ್ಚಿನವರು ಬಳಸದೆ ಬಿಟ್ಟ ಒಂದು ಅನುಕೂಲ ಇಲ್ಲಿದೆ. ಗ್ರಂಥಾಲಯಗಳು ಪುಸ್ತಕದ ವಿವರ ದಾಖಲಿಸಲು ಬಳಸುವ ಮಾರ್ಕ್ ಎಂಬ ನಮೂನೆ 1960ರ ದಶಕದಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ರೂಪುಗೊಂಡಿತು. ಅದರಲ್ಲಿ ಪ್ರತಿ ವಿವರಕ್ಕೂ ಒಂದು ಸಂಖ್ಯೆಯ ಖಾನೆಯಿದೆ: 245ರಲ್ಲಿ ಶೀರ್ಷಿಕೆ, 650ರಲ್ಲಿ ವಿಷಯ, 856ರಲ್ಲಿ ಆನ್‌ಲೈನ್ ವಿಳಾಸ. ಅಂದರೆ ಕಪಾಟಿನಲ್ಲಿ ಪುಸ್ತಕವೇ ಇರಬೇಕೆಂದಿಲ್ಲ, ಒಂದು ಲಿಂಕಿಗೂ ಕ್ಯಾಟಲಾಗಿನಲ್ಲಿ ಜಾಗವಿದೆ. ಮಕ್ಕಳ ಮರದ ವರದಿಗೆ ಒಂದು ದಾಖಲೆ ಮಾಡಿ, ಪ್ರತಿ ವಿಷಯಕ್ಕೂ ಒಂದು ಸಂಖ್ಯೆ ಕೊಡುವ ಡ್ಯೂಯಿ ವರ್ಗೀಕರಣದಲ್ಲಿ ಮರಗಳಿಗಿರುವ 582.16 ಹಾಕಿ, 856ರಲ್ಲಿ ವರದಿಯ ವಿಳಾಸ ತುಂಬಿ. ಮುಂದಿನ ವರ್ಷ ಯಾವುದೇ ಮಗು ಕ್ಯಾಟಲಾಗಿನಲ್ಲಿ ‘ಮರ’ ಎಂದು ಹುಡುಕಿದಾಗ ದೊಡ್ಡ ಲೇಖಕರ ಪುಸ್ತಕಗಳ ಪಕ್ಕದಲ್ಲೇ ಹೋದ ವರ್ಷದ ಏಳನೇ ತರಗತಿಯವರ ವರದಿಯೂ ಬರುತ್ತದೆ. ನಿಜವಾದ ಕಪಾಟಿನಲ್ಲಿ 582.16 ಇರುವ ಕಡೆ ಒಂದು ಕ್ಯೂಆರ್ ಕೋಡ್ ಅಂಟಿಸಿದರೆ ಪುಸ್ತಕ ತೆಗೆಯಲು ಬಂದವರಿಗೂ ಅದು ಕಾಣುತ್ತದೆ.

ತಾನು ಬರೆದದ್ದಕ್ಕೆ ಲೈಬ್ರರಿಯ ಸಂಖ್ಯೆ ಬಿದ್ದಿದೆ ಎಂದು ತಿಳಿದ ಮಗು ಮುಂದಿನ ಸಲ ಬರೆಯುವ ರೀತಿಯೇ ಬೇರೆ. ತನ್ನ ವರದಿಯನ್ನು ಶಿಕ್ಷಕರೊಬ್ಬರೇ ಓದುವುದಿಲ್ಲ, ಪರಿಚಯವಿಲ್ಲದ ಇನ್ನೊಂದು ಮಗುವೂ ಓದುತ್ತದೆ ಎಂಬ ಅರಿವು ಅದಕ್ಕಿರುತ್ತದೆ.

ಕೋಹಾ ನಡೆಸುವಷ್ಟು ವ್ಯವಸ್ಥೆ ಇಲ್ಲದ ಶಾಲೆಯಲ್ಲಿ ಒಂದು ಸ್ಪ್ರೆಡ್‌ಶೀಟ್ ಸಾಕು. ಶೀರ್ಷಿಕೆ, ತರಗತಿ, ವರ್ಷ, ವಿಷಯ, ವಿಳಾಸ ಎಂಬ ಐದು ಕಾಲಂ. ಪಠ್ಯವೆಲ್ಲ, ಕಂಪ್ಯೂಟರು ಕನ್ನಡವೆಂದೇ ಗುರುತಿಸುವ ಯುನಿಕೋಡ್‌ನಲ್ಲಿರಲಿ. ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ ಕನ್ನಡ ಕಣ್ಣಿಗೆ ಕನ್ನಡವೇ ಆದರೂ ಕಂಪ್ಯೂಟರಿಗೆ ಇಂಗ್ಲಿಷ್ ಅಕ್ಷರಗಳ ರಾಶಿ. ಹುಡುಕಿದರೆ ಸಿಗುವುದಿಲ್ಲ.

ಲಿಂಕುಗಳನ್ನು ಕೂಡಿಡುವ ಕೆಲಸದಲ್ಲಿ ಟ್ಯಾಗ್ ಎಂಬುದು ಬಹಳ ಉಪಯೋಗಿ. 2003ರಲ್ಲಿ ಬಂದ ಡೆಲಿಷಿಯಸ್ ಎಂಬ ಸೇವೆ ಬುಕ್‌ಮಾರ್ಕ್‌ಗಳನ್ನು ಎಲ್ಲರಿಗೂ ಕಾಣುವಂತೆ ಇಟ್ಟು, ಓದುಗರೇ ತಮಗೆ ತೋಚಿದ ಪದಗಳನ್ನು ಅಂಟಿಸುವ ರೂಢಿಯನ್ನು ಜನಪ್ರಿಯಗೊಳಿಸಿತು. ಗ್ರಂಥಪಾಲಕರು ‘ಸರೀಸೃಪಗಳು’ ಎಂದು ಬರೆಯುವ ಕಡೆ ಮಗು ‘ಹಾವು ಕಚ್ಚಿದರೆ’ ಎಂದು ಬರೆಯುತ್ತದೆ. ಎರಡೂ ಇರಲಿ. ಇನ್ನೊಂದು ಮಗು ಹುಡುಕುವುದು ಆ ಎರಡನೆಯ ಪದದಿಂದಲೇ. ಪ್ರತಿ ಲಿಂಕಿನ ಜೊತೆಗೆ ಇದು ಯಾಕೆ ಒಳ್ಳೆಯದು, ಯಾರಿಗೆ ಉಪಯೋಗ ಎಂದು ಒಂದೆರಡು ಸಾಲು ಬರೆಸುವುದು ಅಷ್ಟೇ ಮುಖ್ಯ. ವಿವರಣೆಯಿಲ್ಲದ ಐವತ್ತು ಲಿಂಕುಗಳ ಪಟ್ಟಿಯನ್ನು ಯಾರೂ ತೆರೆಯುವುದಿಲ್ಲ.

ಸೇರಿ ಬರೆಯುವ ಪುಟ, ಅದರ ಹಿಂದಿನ ಪುಟಗಳು

ಯಾರು ಬೇಕಾದರೂ ತಿದ್ದಬಹುದಾದ ವೆಬ್ ಪುಟ ಎಂಬ ಕಲ್ಪನೆಯನ್ನು ವಾರ್ಡ್ ಕನ್ನಿಂಗ್‌ಹ್ಯಾಮ್ ಎಂಬ ಪ್ರೋಗ್ರಾಮರ್ 1995ರಲ್ಲಿ ಮೊದಲ ವಿಕಿಯ ಮೂಲಕ ಜಾರಿಗೆ ತಂದರು. ಆರು ವರ್ಷಗಳ ನಂತರ ಅದೇ ತತ್ವದ ಮೇಲೆ ವಿಕಿಪೀಡಿಯ ಹುಟ್ಟಿತು. ಇಂದು ಗೂಗಲ್ ಡಾಕ್ಸ್‌ನಂಥ ಹಂಚಿಕೊಂಡ ಕಡತಗಳೂ ಇದೇ ಕೆಲಸ ಮಾಡುತ್ತವೆ. ಎಲ್ಲರೂ ಒಂದೇ ಪುಟದಲ್ಲಿ ಬರೆಯಬಹುದು ಎಂಬುದು ಇವುಗಳ ಎದ್ದುಕಾಣುವ ಗುಣ. ಲೈಬ್ರರಿಗೆ ಅದಕ್ಕಿಂತ ಬೆಲೆಬಾಳುವುದು ಪುಟದ ಇತಿಹಾಸ.

ವಿಕಿ ಪುಟದಲ್ಲಿ ಯಾರು ಯಾವಾಗ ಏನು ಸೇರಿಸಿದರು, ಏನು ಅಳಿಸಿದರು ಎಂಬುದೆಲ್ಲ ಉಳಿದಿರುತ್ತದೆ. ಹಳೆಯ ರೂಪವನ್ನು ಹೊಸದರ ಪಕ್ಕಕ್ಕಿಟ್ಟು ನೋಡಬಹುದು, ಬೇಕಾದರೆ ಹಿಂದಕ್ಕೆ ತರಬಹುದು. ಒಂದು ಮಗು ಇಡೀ ಪುಟ ಅಳಿಸಿಬಿಟ್ಟರೂ ಏನೂ ಕಳೆದುಹೋಗುವುದಿಲ್ಲ. ಹೀಗಾಗಿ ಮಕ್ಕಳಿಗೆ ತಿದ್ದುವ ಅಧಿಕಾರ ಕೊಡಲು ಹೆದರಬೇಕಿಲ್ಲ. ಗುಂಪಿನ ಕೆಲಸದಲ್ಲಿ ಒಬ್ಬರೇ ದುಡಿದು ನಾಲ್ವರು ಹೆಸರು ಹಾಕಿಸಿಕೊಳ್ಳುವ ಹಳೆಯ ದೂರಿಗೂ ಇತಿಹಾಸವೇ ಉತ್ತರ ಕೊಡುತ್ತದೆ. ಇದನ್ನು ಪತ್ತೇದಾರಿಕೆಗೆ ಬಳಸುವುದಕ್ಕಿಂತ ಮಕ್ಕಳ ಜೊತೆ ಕೂತು ನೋಡುವುದು ಎಷ್ಟೋ ಮೇಲು: ಮೊದಲ ಕರಡಿನಲ್ಲಿ ಈ ವಾಕ್ಯ ಹೀಗಿತ್ತು, ಯಾಕೆ ಬದಲಾಯಿತು, ಯಾವ ಪುಸ್ತಕ ನೋಡಿದ ಮೇಲೆ ಬದಲಾಯಿತು? ಬರವಣಿಗೆ ಎಂದರೆ ತಿದ್ದುವುದು ಎಂದು ಬಾಯಲ್ಲಿ ಎಷ್ಟು ಹೇಳಿದರೂ ಮುಟ್ಟದ ಮಾತು ಇಲ್ಲಿ ಕಣ್ಣಿಗೇ ಕಾಣುತ್ತದೆ.

ವರ್ಷದಿಂದ ವರ್ಷಕ್ಕೆ ಬೆಳೆಯುವ ಪುಟ ಇದರ ಮುಂದಿನ ಹೆಜ್ಜೆ. ಅಂಗಳದ ಮರಗಳ ಪುಟವನ್ನು ಈ ವರ್ಷದವರು ಆರಂಭಿಸುತ್ತಾರೆ, ಮುಂದಿನವರು ಓದಿ, ಪರೀಕ್ಷಿಸಿ, ಕಡಿದುಹೋದ ಮರವನ್ನು ಗುರುತಿಸಿ, ತಪ್ಪು ಹೆಸರನ್ನು ಆಧಾರ ಸಮೇತ ತಿದ್ದುತ್ತಾರೆ. ಮಕ್ಕಳಿಗೆ ಇದು ಅಳತೆ ಮೀರಿದ ಕೆಲಸವೇನಲ್ಲ. 8ರಿಂದ 13 ವರ್ಷದವರಿಗಾಗಿ 2006ರಲ್ಲಿ ಫ್ರೆಂಚ್ ಭಾಷೆಯಲ್ಲಿ ಆರಂಭವಾದ ವಿಕಿಡಿಯಾ ಎಂಬ ವಿಶ್ವಕೋಶದಲ್ಲಿ ಮಕ್ಕಳೂ ಬರೆಯುತ್ತಾರೆ. ಕಥೆಯ ಕಡೆ ಒಲವಿದ್ದರೆ ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ಸ್ಟೋರಿವೀವರ್ ಇದೆ. ಅಲ್ಲಿನ ಕಥೆಗಳನ್ನು ಓದಿ, ಇಳಿಸಿಕೊಂಡು, ಇನ್ನೊಂದು ಭಾಷೆಗೆ ಅನುವಾದಿಸಲೂ ಅವಕಾಶವಿದೆ.

ನಂಬುವ ಮುನ್ನ ಪುಟದಿಂದ ಆಚೆ ಹೋಗಿ

ಮಕ್ಕಳ ಬರಹ ಕಪಾಟಿಗೆ ಹೋಗುತ್ತದೆ ಎಂದಾದರೆ ಅದರಲ್ಲಿರುವುದು ನಿಜವಾಗಿರಬೇಕು. ಮರದ ಮೇಲೆ ಬದುಕುವ ಆಕ್ಟೋಪಸ್ ಬಗ್ಗೆ 1998ರಲ್ಲಿ ಯಾರೋ ಒಂದು ತಮಾಷೆಯ ಜಾಲತಾಣ ಮಾಡಿದ್ದರು. ಅಂಥ ಪ್ರಾಣಿಯೇ ಇಲ್ಲ. ಆದರೂ ಕನೆಕ್ಟಿಕಟ್ ವಿಶ್ವವಿದ್ಯಾಲಯದ ಡೊನಾಲ್ಡ್ ಲೂ ಮತ್ತು ಅವರ ತಂಡ ಆನ್‌ಲೈನ್ ಓದಿನಲ್ಲಿ ಚುರುಕಾಗಿದ್ದ ಏಳನೇ ತರಗತಿಯ ಮಕ್ಕಳಿಗೆ ಆ ಪುಟ ತೋರಿಸಿದಾಗ ಬಹುತೇಕ ಎಲ್ಲರೂ ನಂಬಿಬಿಟ್ಟರು. ಪುಟ ಅಚ್ಚುಕಟ್ಟಾಗಿತ್ತು, ಚಿತ್ರಗಳಿದ್ದವು, ವೈಜ್ಞಾನಿಕ ಹೆಸರೂ ಇತ್ತು.

ಪುಟವನ್ನೇ ದಿಟ್ಟಿಸಿ ನೋಡಿ ನಿಜವೋ ಸುಳ್ಳೋ ತೀರ್ಮಾನಿಸುವುದು ದೊಡ್ಡವರಿಗೂ ಆಗದ ಮಾತು. ಸ್ಟ್ಯಾನ್‌ಫರ್ಡ್‌ನ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 10 ಇತಿಹಾಸಕಾರರು, 10 ಫ್ಯಾಕ್ಟ್‌ಚೆಕ್ ವೃತ್ತಿಯವರು ಮತ್ತು 25 ವಿದ್ಯಾರ್ಥಿಗಳಿಗೆ ಕೆಲವು ಜಾಲತಾಣಗಳನ್ನು ತೂಗಿ ನೋಡಲು ಕೊಟ್ಟರು. ಇತಿಹಾಸಕಾರರೂ ವಿದ್ಯಾರ್ಥಿಗಳೂ ಬಹುಮಟ್ಟಿಗೆ ಆ ಪುಟದೊಳಗೇ ಮೇಲಿನಿಂದ ಕೆಳಕ್ಕೆ ಓದಿದರು, ಚಂದದ ಲೋಗೊ, ಗಂಭೀರ ಹೆಸರುಗಳಿಗೆ ಮರುಳಾದರು. ಫ್ಯಾಕ್ಟ್‌ಚೆಕ್ ಮಾಡುವವರು ಪುಟವನ್ನು ಒಮ್ಮೆ ನೋಡಿ ತಕ್ಷಣ ಹೊರಬಂದರು. ಹೊಸ ಟ್ಯಾಬ್‌ಗಳನ್ನು ತೆರೆದು ಆ ಸಂಸ್ಥೆಯ ಬಗ್ಗೆ ಬೇರೆಯವರು ಏನು ಹೇಳುತ್ತಾರೆ ಎಂದು ಹುಡುಕಿದರು. ಕಡಿಮೆ ಓದಿ, ಕಡಿಮೆ ಹೊತ್ತಿನಲ್ಲಿ, ಸರಿಯಾದ ತೀರ್ಮಾನಕ್ಕೆ ಬಂದರು.

ಈ ಅಭ್ಯಾಸವನ್ನು ಕಲಿಸಲು ಲೈಬ್ರರಿಗಿಂತ ಒಳ್ಳೆಯ ಜಾಗವಿಲ್ಲ. ಇಲ್ಲಿ ಎರಡನೆಯ ಟ್ಯಾಬ್ ಜೊತೆಗೆ ಪಕ್ಕದಲ್ಲೇ ಮೂರನೆಯ ಆಧಾರವಾಗಿ ಪುಸ್ತಕವೂ ಇರುತ್ತದೆ. ಕೇಳಿದ್ದಕ್ಕೆ ಸರಾಗವಾಗಿ ಉತ್ತರಿಸುವ ಎಐ ಚಾಟ್‌ಬಾಟ್‌ಗಳ ಕಾಲದಲ್ಲಿ ಇದರ ಅಗತ್ಯ ಇನ್ನೂ ಹೆಚ್ಚಿದೆ. ಅವು ಇಲ್ಲದ ಪುಸ್ತಕದ ಹೆಸರನ್ನೂ ವಿಶ್ವಾಸದಿಂದ ಹೇಳಬಲ್ಲವು. ಹೇಳಿದ ಪುಸ್ತಕ ನಿಜವಾಗಿ ಇದೆಯೇ ಎಂದು ಕ್ಯಾಟಲಾಗಿನಲ್ಲಿ ಹುಡುಕಿಸಿ. ಮಕ್ಕಳು ಉತ್ಸಾಹದಿಂದ ಮಾಡುತ್ತಾರೆ.

ಯಾರ ಹಕ್ಕು, ಯಾರ ಹೆಸರು

ಹೆಚ್ಚಿನವರು ಇಂಟರ್ನೆಟ್ಟಿನಲ್ಲಿ ಸಿಕ್ಕ ಚಿತ್ರವನ್ನು ಧಾರಾಳವಾಗಿ ಬಳಸುತ್ತಾರೆ, ಅದಕ್ಕೊಬ್ಬ ಒಡೆಯನಿದ್ದಾನೆ ಎಂಬುದು ಮನಸ್ಸಿಗೆ ಬರುವುದಿಲ್ಲ. ಬಹುಪಾಲು ದೇಶಗಳು ಒಪ್ಪಿರುವ ಬರ್ನ್ ಒಪ್ಪಂದದ ಪ್ರಕಾರ ಹಕ್ಕುಸ್ವಾಮ್ಯಕ್ಕೆ ನೋಂದಣಿ ಬೇಡ, ಬರೆದ ಅಥವಾ ಬಿಡಿಸಿದ ಕ್ಷಣದಿಂದಲೇ ಅದು ಹುಟ್ಟುತ್ತದೆ. ಹಂಚಲು ಮೊದಲೇ ಅನುಮತಿ ಕೊಟ್ಟಿರುವ ಕೃತಿಗಳನ್ನು ಗುರುತಿಸಲು ಕ್ರಿಯೇಟಿವ್ ಕಾಮನ್ಸ್ ಸಂಸ್ಥೆ 2002ರಿಂದ ಪರವಾನಗಿಗಳನ್ನು ಕೊಡುತ್ತಿದೆ. ಇಂದು ಮುಖ್ಯವಾದವು ಆರು. ಅವುಗಳ ಹಿಂದಿರುವುದು ನಾಲ್ಕೇ ಷರತ್ತು: ಹೆಸರು ಹೇಳಿ, ವ್ಯಾಪಾರಕ್ಕೆ ಬಳಸಬೇಡಿ, ಬದಲಿಸಬೇಡಿ, ಬದಲಿಸಿದರೆ ಅದೇ ಪರವಾನಗಿಯಲ್ಲಿ ಹಂಚಿ. ಆರರಲ್ಲೂ ಮೊದಲ ಷರತ್ತು ಇದ್ದೇ ಇರುತ್ತದೆ. ಉಳಿದವನ್ನು ಬೇರೆ ಬೇರೆಯಾಗಿ ಜೋಡಿಸಿದಾಗ ಆರು ಬಗೆಯಾಗುತ್ತದೆ. ವಿಕಿಪೀಡಿಯದ ಪಠ್ಯ ಮೊದಲ ಮತ್ತು ಕೊನೆಯ ಷರತ್ತಿನ ಜೋಡಿ.

ಮಾತು ಇಲ್ಲಿಗೆ ನಿಲ್ಲಬಾರದು. ಏಳನೇ ತರಗತಿಯ ಮಗು ಬರೆದದ್ದರ ಹಕ್ಕೂ ಆ ಮಗುವಿನದೇ. ಶಾಲೆ ಅದನ್ನು ಕ್ಯಾಟಲಾಗಿಗೆ ಸೇರಿಸಬೇಕಾದರೆ ಮಗುವನ್ನೂ ಪೋಷಕರನ್ನೂ ಕೇಳಬೇಕು, ಬೇಡವೆಂದರೆ ಬಿಡಬೇಕು, ಕೊಟ್ಟ ಮೇಲೂ ತೆಗೆಯಿರಿ ಎಂದರೆ ಕ್ಯಾಟಲಾಗಿನಿಂದ ತೆಗೆಯಬೇಕು. ಬೇರೆಯವರ ಹಕ್ಕನ್ನು ಗೌರವಿಸು ಎಂಬ ಪಾಠ ಮಗುವಿಗೆ ಹಿಡಿಸುವುದು ತನ್ನ ಹಕ್ಕಿಗೂ ಯಾರೋ ಅನುಮತಿ ಕೇಳಿದಾಗ.

ಹೆಸರಿನ ವಿಷಯದಲ್ಲಿ ನಾನು ಕಟ್ಟುನಿಟ್ಟು. ಎಲ್ಲರಿಗೂ ತೆರೆದಿರುವ ಪುಟದಲ್ಲಿ ಮಗುವಿನ ಪೂರ್ಣ ಹೆಸರು, ಮುಖದ ಫೋಟೊ, ಶಾಲೆ, ತರಗತಿ ಒಟ್ಟಿಗೆ ಇರಕೂಡದು. ಶಾಲೆಯೊಳಗಿನವರಿಗಷ್ಟೇ ಕಾಣುವ ಪುಟದಲ್ಲಿ ಹೆಸರು ಇರಲಿ, ಅದು ಹೆಮ್ಮೆಯ ವಿಷಯ. ಹೊರಗಿನ ಪುಟದಲ್ಲಿ ‘ಮರಗಳ ತಂಡ’ ಎಂದರೆ ಸಾಕು. ಫೋನಿನಲ್ಲಿ ತೆಗೆದ ಫೋಟೊದೊಳಗೆ ಸ್ಥಳದ ಮಾಹಿತಿಯೂ ಅಡಗಿರಬಹುದು, ಏರಿಸುವ ಮುನ್ನ ತೆಗೆದುಹಾಕಬೇಕು. ಬಹಳಷ್ಟು ಸೇವೆಗಳು 13 ವರ್ಷ ತುಂಬದವರಿಗೆ ಖಾತೆ ಕೊಡುವುದಿಲ್ಲ. ಪೋಷಕರ ಒಪ್ಪಿಗೆಯಿಲ್ಲದೆ ಆ ವಯಸ್ಸಿನವರ ಮಾಹಿತಿ ಸಂಗ್ರಹಿಸಬಾರದು ಎಂದು ಅಮೆರಿಕ 1998ರಲ್ಲಿ ಕಾನೂನು ಮಾಡಿದ್ದು ಇದಕ್ಕೆ ಮೂಲ. ಯುರೋಪಿನ ನಿಯಮದಲ್ಲಿ ಈ ಮಿತಿ ಸಾಮಾನ್ಯವಾಗಿ 16, ದೇಶಗಳು 13ರವರೆಗೆ ಇಳಿಸಿಕೊಳ್ಳಬಹುದು. ನಿಮ್ಮ ದೇಶದ ಕಾನೂನಿನಲ್ಲಿ ಎಷ್ಟಿದೆ ಎಂದು ನೋಡಿಕೊಂಡೇ ಮುಂದುವರಿಯಬೇಕು. ಸುಳ್ಳು ಹುಟ್ಟಿದ ದಿನಾಂಕ ಹಾಕಿ ಖಾತೆ ತೆರೆ ಎಂದು ಮಗುವಿಗೆ ಶಾಲೆಯೇ ಹೇಳಿಕೊಡುವುದು ಸರ್ವಥಾ ಸಲ್ಲದು. ಮಕ್ಕಳಿಗೆ ಖಾತೆಯೇ ಬೇಡದ ಸಲಕರಣೆ ಆರಿಸಿಕೊಂಡರೆ ಅರ್ಧ ತಲೆನೋವು ಕಡಿಮೆ.

ಇದರ ಜೊತೆಗೇ ಇನ್ನೊಂದು. ಯಾವ ಮಗು ಯಾವ ಪುಸ್ತಕ ಒಯ್ದಿತು ಎಂಬುದು ಲೈಬ್ರರಿ ಕಾಪಾಡಬೇಕಾದ ಗುಟ್ಟು. ಅಮೆರಿಕದ ಗ್ರಂಥಾಲಯ ಸಂಘದ 1939ರ ನೀತಿಸಂಹಿತೆಯಲ್ಲೇ ಓದುಗರ ಖಾಸಗಿ ಮಾಹಿತಿಯನ್ನು ಗೌಪ್ಯವಾಗಿಡಬೇಕೆಂಬ ಮಾತಿದೆ. ಅತಿ ಹೆಚ್ಚು ಓದಿದವರ ಪಟ್ಟಿ ಎಂದು ಹೆಸರು, ಪುಸ್ತಕಗಳ ಸಮೇತ ಆನ್‌ಲೈನಿನಲ್ಲಿ ಹಾಕುವ ಮುನ್ನ ಇದನ್ನು ನೆನೆಯಬೇಕು. ಮನೆಯ ಕಷ್ಟದ ಬಗ್ಗೆ, ದೇಹದ ಬದಲಾವಣೆಯ ಬಗ್ಗೆ ತಿಳಿಯಲು ಮಗು ಪುಸ್ತಕ ಒಯ್ದಿರಬಹುದು.

ಮುಚ್ಚಿಹೋಗುವ ಸೇವೆಗಳು

ಆರಂಭದಲ್ಲಿ ಹೇಳಿದ ಮೂರನೆಯ ಪ್ರಶ್ನೆ ನೆನಪಿಸಿಕೊಳ್ಳಿ. ಶಿಕ್ಷಕರು ಪ್ರೀತಿಯಿಂದ ಬಳಸುತ್ತಿದ್ದ ವಿಕಿಸ್ಪೇಸಸ್ 2018ರಲ್ಲಿ ತರಗತಿಗಳ ಪುಟಗಳನ್ನು ಮುಚ್ಚಿತು. ಡೆಲಿಷಿಯಸ್ ಹಲವರ ಕೈ ಬದಲಿಸಿ 2017ರಲ್ಲಿ ಹೊಸದೇನನ್ನೂ ಸೇರಿಸಲಾಗದ ಸ್ಥಿತಿಗೆ ಬಂತು. ಮಕ್ಕಳು ಕಿರು ವಿಡಿಯೊ ಮಾಡಿ ಹಂಚುತ್ತಿದ್ದ ಫ್ಲಿಪ್ ಮತ್ತು ಒಟ್ಟಿಗೆ ಚಿತ್ರ ಬಿಡಿಸುವ ಗೂಗಲ್ ಜಾಮ್‌ಬೋರ್ಡ್ ಎರಡೂ 2024ರಲ್ಲಿ ನಿಂತವು. ಪ್ಯೂ ಸಂಶೋಧನಾ ಕೇಂದ್ರ ಅದೇ ವರ್ಷ ಪ್ರಕಟಿಸಿದ ವರದಿಯ ಪ್ರಕಾರ 2013ರಲ್ಲಿ ಇದ್ದ ವೆಬ್ ಪುಟಗಳಲ್ಲಿ ಶೇ. 38ರಷ್ಟು ಹತ್ತು ವರ್ಷದಲ್ಲಿ ಸಿಗದಂತಾಗಿದ್ದವು.

ಹಾಗೆಂದು ಇವುಗಳನ್ನು ಮುಟ್ಟಲೇಬಾರದು ಎಂದಲ್ಲ. ಒಳಗಿಟ್ಟದ್ದನ್ನು ಹೊರತೆಗೆಯುವ ದಾರಿ ಮೊದಲ ದಿನವೇ ತಿಳಿದಿರಬೇಕು. ಹೊಸ ಸಲಕರಣೆ ಕಂಡಾಗ ಅಲ್ಲೊಂದು ಪ್ರಯೋಗದ ಪುಟ ಮಾಡಿ, ಎಕ್ಸ್‌ಪೋರ್ಟ್ ಗುಂಡಿ ಒತ್ತಿ, ಬಂದ ಕಡತವನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡಿ. ಪಿಡಿಎಫ್, ಸಾದಾ ಪಠ್ಯ, ಸಿಎಸ್‌ವಿಯಂಥ ಎಲ್ಲರೂ ಓದಬಲ್ಲ ರೂಪದಲ್ಲಿ ಬಂದರೆ ಸರಿ. ಹೊರತೆಗೆಯಲು ಬಾರದ ಸೇವೆಯಲ್ಲಿ ಮಕ್ಕಳ ವರ್ಷದ ದುಡಿಮೆ ಇಡಬೇಡಿ, ಅದು ಎಷ್ಟೇ ಬಣ್ಣಬಣ್ಣವಾಗಿದ್ದರೂ. ಪ್ರತಿ ಅವಧಿಯ ಕೊನೆಗೆ ಒಂದು ಪ್ರತಿ ಶಾಲೆಯ ಕಂಪ್ಯೂಟರಿಗೆ, ಇನ್ನೊಂದು ಬೇರೆ ಕಡೆ ಇಡುವ ಡ್ರೈವಿಗೆ. ಮಕ್ಕಳು ಆಧಾರವಾಗಿ ಕೊಟ್ಟ ಹೊರಗಿನ ಲಿಂಕುಗಳನ್ನು ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ನಲ್ಲಿ ಉಳಿಸಿದರೆ ಮೂಲ ಪುಟ ಮಾಯವಾದರೂ ಪ್ರತಿ ಸಿಗುತ್ತದೆ.

ನೆಟ್ ದುರ್ಬಲವಾಗಿರುವ, ಇಲ್ಲವೇ ಇಲ್ಲದ ಶಾಲೆಗಳಿಗೂ ಇದರಲ್ಲಿ ಪಾಲಿದೆ. ಕಿವಿಕ್ಸ್ ಎಂಬ ಮುಕ್ತ ತಂತ್ರಾಂಶ ಇಡೀ ವಿಕಿಪೀಡಿಯವನ್ನು ಒಂದು ಕಡತವಾಗಿ ತಂದು ಆಫ್‌ಲೈನ್ ಓದಲು ಕೊಡುತ್ತದೆ. ಲರ್ನಿಂಗ್ ಈಕ್ವಾಲಿಟಿ ಸಂಸ್ಥೆಯ ಕೊಲಿಬ್ರಿಯನ್ನು ಒಂದು ಸಣ್ಣ ಕಂಪ್ಯೂಟರಿಗೆ ಹಾಕಿದರೆ ಪಾಠ, ವಿಡಿಯೊ, ಅಭ್ಯಾಸಗಳು ಕೋಣೆಯೊಳಗಿನ ವೈಫೈನಲ್ಲೇ ಹರಿಯುತ್ತವೆ. ಮಕ್ಕಳು ಮಾಡಿದ ವರದಿಗಳ ಪಿಡಿಎಫ್ ಪ್ರತಿಗಳನ್ನೂ ಅದೇ ಕಂಪ್ಯೂಟರಿನ ಒಂದು ಫೋಲ್ಡರಿನಲ್ಲಿ ಹಂಚಿದರೆ ಹೊರಗಿನ ನೆಟ್ ಇಲ್ಲದೆಯೇ ಎಲ್ಲ ತರಗತಿಗೂ ಸಿಗುತ್ತದೆ.

ಹೊಸದಾಗಿ ಆರಂಭಿಸುವವರು ಒಂದೇ ತರಗತಿ, ಒಂದೇ ವಿಷಯ, ಒಂದೇ ಸಲಕರಣೆ ಹಿಡಿದು ಒಂದು ವರ್ಷ ನಡೆಸಲಿ. ಎರಡನೆಯ ವರ್ಷದ ಮಕ್ಕಳು ಮೊದಲನೆಯವರ ಕೆಲಸವನ್ನು ತೆರೆದರೇ, ಓದಿದರೇ, ಏನು ತಿದ್ದಿದರು ಎಂದು ನೋಡುವುದೇ ಸರಿಯಾದ ಅಳತೆಗೋಲು. ಪುಸ್ತಕಗಳನ್ನು ಆಗಾಗ ಪರಿಶೀಲಿಸಿ ಹಳೆಯದಾದವನ್ನು ತೆಗೆಯುವಂತೆ ಇಲ್ಲೂ ವರ್ಷಕ್ಕೊಮ್ಮೆ ಕೂತು ಸತ್ತ ಲಿಂಕು, ಅರ್ಧಕ್ಕೆ ಬಿಟ್ಟ ಪುಟ, ಯಾರೂ ತೆರೆಯದ ಪಟ್ಟಿಗಳನ್ನು ಕಳಚಬೇಕು. ಕೊನೆಯದಾಗಿ, ಎಲ್ಲ ಖಾತೆಗಳೂ ಶಾಲೆಯ ಇಮೇಲ್ ವಿಳಾಸದಲ್ಲಿರಲಿ. ಯಾವ ಸೇವೆಯಲ್ಲಿ ಏನಿದೆ, ಬ್ಯಾಕಪ್ ಎಲ್ಲಿದೆ, ಪೋಷಕರ ಒಪ್ಪಿಗೆ ಪತ್ರಗಳು ಯಾವ ಫೈಲಿನಲ್ಲಿವೆ, ಪಾಸ್‌ವರ್ಡ್‌ಗಳನ್ನು ಯಾರಿಂದ ಪಡೆಯಬೇಕು ಎಂದು ಒಂದು ಹಾಳೆಯಲ್ಲಿ ಬರೆದು ಲೈಬ್ರರಿಯ ಸ್ಟಾಕ್ ರಿಜಿಸ್ಟರಿನ ಜೊತೆ ಇಡಿ. ಗ್ರಂಥಪಾಲಕರು ವರ್ಗವಾದ ದಿನ ಹೊಸಬರಿಗೆ ಕೀಲಿಕೈ ಜೊತೆ ಆ ಹಾಳೆಯೂ ಸಿಗಬೇಕು.